ಚೀಟಿ ಇಲ್ಲದ ಪಾರ್ಸೆಲ್ಲು

1/5

ಮೊದಲನೇ ಫೋಟೋ ಸ್ವಲ್ಪ ಝೂಮ್ ಮಾಡಿ ನೋಡಿ. ಬ್ರೌನ್ ಪೇಪರ್ ಸುತ್ತಿದ ಪೊಟ್ಟಣ, ಅದರ ಮೇಲೆ ಹಳೇ ಕ್ಯಾಲೆಂಡರ್ ಕತ್ತರಿಸಿ ಅಂಟಿಸಿದ ಒಂದು ಚೀಟಿ. "ಪುಟ್ಟಿಗೆ, ಅಜ್ಜಿಯಿಂದ." ಅಷ್ಟೇ. ಹೋದ ವರ್ಷ ಇದೇ ಥರದ ಫೋಟೋ ಹಾಕಿದಾಗ ನಿಮ್ಮಲ್ಲೇ ನಾಲ್ಕೈದು ಜನ ಡಿಎಂ ಮಾಡಿದ್ರಿ: "ಏನೇ, ನಿಮ್ಮನೆಗೆ ಸಾಂಟಾ ಬರಲ್ವಾ?"

ಬರಲ್ಲ. ವಿಜಯನಗರದ ನಮ್ಮ ಮನೇಲಿ ಕ್ರಿಸ್ಮಸ್ ತಾತ ಅಂದ್ರೆ ನಮ್ಮ ತಾತಾನೇ. ಮಂಕಿ ಕ್ಯಾಪು, ತೋಳು ಸಡಿಲವಾದ ಸ್ವೆಟರ್ರು, ಬೆಳಗಿನ ಜಾವ ಮೂರೂವರೆಗೆ ಎಲ್ಲರ ಹೊದಿಕೆ ಎಳೆದು "ಏಳಿ, ಏಳಿ" ಅನ್ನೋದು ಅವರ ಡ್ಯೂಟಿ. ಉಡುಗೊರೆ ಯಾರು ಕೊಟ್ರು ಅಂತ ಚೀಟಿಲಿ ಬರೆದಿರಬೇಕು. ಮಕ್ಕಳು ಚೀಟೀನ ಎಲ್ಲರ ಮುಂದೆ ಜೋರಾಗಿ ಓದಬೇಕು, ಕೊಟ್ಟವರ ಹತ್ತಿರ ಹೋಗಿ ಥ್ಯಾಂಕ್ಸ್ ಹೇಳಬೇಕು, ಆಮೇಲೆ ಬಿಚ್ಚಬೇಕು. ಇದು ತಾತ ಮಾಡಿದ ರೂಲ್ಸು. ಸೈಡ್ ಎಫೆಕ್ಟ್ ಏನಪ್ಪಾ ಅಂದ್ರೆ, ಇಂಗ್ಲಿಷ್ ಮೀಡಿಯಂ ಸೇರಿದ ನಮ್ಮ ಮಕ್ಕಳೆಲ್ಲ ಕನ್ನಡ ಓದೋದು ಕಲಿತಿದ್ದೇ ಈ ಚೀಟಿಗಳಲ್ಲಿ. ನನ್ನನ್ನೂ ಸೇರಿಸಿ. ಒತ್ತಕ್ಷರ ಬಂದ್ರೆ ಉಡುಗೊರೆ ಎರಡು ನಿಮಿಷ ಲೇಟು.

ಈ ರೂಲ್ಸು ಈ ವರ್ಷ ಮುರೀತು. ಆ ಕಥೆ ಹೇಳೋಕೇ ಈ ಸೀರೀಸು.

2/5

ಮೊದಲು ಬೆಳಗ್ಗೆ ಹೇಗಿರುತ್ತೆ ಅಂತ ಹೇಳ್ತೀನಿ. ಇಲ್ಲಾಂದ್ರೆ ಮಿಕ್ಕಿದ್ದು ಅರ್ಥ ಆಗಲ್ಲ.

ಕೆಂಗೇರಿಯಿಂದ ಚಿಕ್ಕಪ್ಪನ ಮನೆಯವರು 24ಕ್ಕೇ ಬಂದುಬಿಡ್ತಾರೆ. 2021ರ ಆಗಸ್ಟಲ್ಲಿ ಕೆಂಗೇರಿವರೆಗೂ ಮೆಟ್ರೋ ಆದಮೇಲೆ ಓಡಾಟ ಸಲೀಸಾಗಿದೆ, ನಿಜ. ಆದ್ರೆ ಬೆಳಗಿನ ಜಾವ ನಾಲ್ಕಕ್ಕೆ ಹೊರಡೋರಿಗೆ ಯಾವ ಮೆಟ್ರೋ? ಹಾಗಾಗಿ ಹಾಲ್ ತುಂಬ ಚಾಪೆ ಹಾಕಿ ಮಲಗೋದು. ಆರು ವರ್ಷದ ಚಿನ್ನು, ನಾಲ್ಕು ವರ್ಷದ ಪುಟ್ಟಿ, ಇಬ್ಬರೂ ನನ್ನ ಹೊದಿಕೆಯೊಳಗೆ. ನಿದ್ದೆ ಅಂತೂ ಇಲ್ಲ, ಒದೆ ಮಾತ್ರ.

ಮೂಲೆಯಲ್ಲಿ ಗೋದಲಿ. ಹದಿನೈದು ದಿನ ಮುಂಚೆ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಚೆಲ್ಲಿದ್ರೆ ಹಬ್ಬದ ಹೊತ್ತಿಗೆ ಹಸಿರು ಬೆಳೆದಿರುತ್ತೆ. ಅದೇ ಬೆತ್ಲೆಹೇಮಿನ ಹೊಲ. ಈ ಸಲ ಆ ಹೊಲದಲ್ಲಿ ಪುಟ್ಟಿಯ ಪ್ಲಾಸ್ಟಿಕ್ ಡೈನೋಸಾರೂ ಮೇಯ್ತಾ ಇತ್ತು (ಮೂರನೇ ಫೋಟೋ, ಬಲಗಡೆ).

ಅಪ್ಪ ಟೂರಿಸ್ಟ್ ಟೆಂಪೋ ಟ್ರಾವೆಲರ್ ಓಡಿಸ್ತಾರೆ, ನಿಮಗೆಲ್ಲ ಗೊತ್ತು. ವರ್ಷದಲ್ಲಿ ಅವತ್ತೊಂದು ದಿನ ಅದು ನಮ್ಮ ಸ್ವಂತ ಗಾಡಿ. ಮಾಗಡಿ ರೋಡಲ್ಲಿ ಟೋಲ್‌ಗೇಟ್ ಹತ್ತಿರ ಅಷ್ಟು ಹೊತ್ತಿಗೆ ಹಾಲಿನ ವ್ಯಾನು, ನಾಯಿಗಳು, ನಾವು. ಐದಕ್ಕೆ ಆರಾಧನೆ. ಮಕ್ಕಳು ಮೊದಲನೇ ಕೀರ್ತನೆಗೇ ಯಾರದೋ ತೊಡೆ ಮೇಲೆ ಮಲಗಿ, ಕೊನೇ ಕೀರ್ತನೆಗೆ ಎದ್ದು "ಮುಗೀತಾ?" ಅಂತಾರೆ.

ಒಂದು ಸಣ್ಣ ಜಗಳ ಇಲ್ಲೇ ಮುಗಿಸಿಬಿಡ್ತೀನಿ. "ಕ್ರಿಶ್ಚಿಯನ್ಸಾ? ಆದ್ರೂ ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀಯ!" ಅಂತ ಪ್ರತಿ ಸೆಮಿಸ್ಟರಲ್ಲೂ ಯಾರಾದ್ರೂ ಹೇಳ್ತೀರ. ಸ್ವಾಮಿ, ಕಾರ್ಪೊರೇಷನ್ ಹತ್ತಿರ ದಿನಾ ಬಸ್ಸಲ್ಲಿ ದಾಟ್ತೀರಲ್ಲ ಹಡ್ಸನ್ ಚರ್ಚು, ಅದು 1904ರ ಕನ್ನಡ ಚರ್ಚು. ಅವೆನ್ಯೂ ರೋಡಿನ ರೈಸ್ ಚರ್ಚೂ ಕನ್ನಡದ್ದೇ. ನಮ್ಮ ಕನ್ನಡ ಮೇಡಂ ಉದ್ಧರಿಸೋ ಕಿಟ್ಟೆಲ್ ನಿಘಂಟು, 1894ರದ್ದು, ಬರೆದವರು ಮಿಷನರಿ. ನಮ್ಮನೇಲಿ ಜಗಳ, ಪ್ರಾರ್ಥನೆ, ಬೈಗುಳ ಎಲ್ಲ ಕನ್ನಡದಲ್ಲೇ. ಆಯ್ತಾ?

ಆರಾಧನೆ ಮುಗಿಸಿ ಬಂದು ಬಿಸಿ ಇಡ್ಲಿ, ಕೋಳಿ ಸಾರು. ತಾತನ ಪ್ರಾರ್ಥನೆ (ಉದ್ದ). ಆಮೇಲೆ ಪೊಟ್ಟಣಗಳು.

3/5

ಚೀಟಿ ಯಾಕೆ ಅನ್ನೋದನ್ನ ನನಗೆ ಹೇಳಿದ್ದು ಅಜ್ಜಿ. ತಾತನ ಬಾಯಲ್ಲಿ ಈ ಕಥೆ ಬರಲ್ಲ.

1980. ಅಪ್ಪನಿಗೆ ಎಂಟು ವರ್ಷ. ತಾತ ಒಂದು ಮಿಲ್ಲಲ್ಲಿ ಕೆಲಸಕ್ಕಿದ್ರು, ಸಂಬಳ ಒಂದು ತಿಂಗಳು ಬಂದ್ರೆ ಇನ್ನೊಂದು ತಿಂಗಳು ಇಲ್ಲ. ಆ ಡಿಸೆಂಬರಲ್ಲಿ ಒಂದು ಕಡೆ ಮಕ್ಕಳ ಪಾರ್ಟಿ ಇತ್ತು, ಕೆಂಪು ಬಟ್ಟೆ ಹಾಕಿದ ಸಾಂಟಾ ಬಂದು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದ. ನಿಮಗೆ ಗೊತ್ತಿರಲಿ, ಇಂಥ ಪಾರ್ಟಿಗಳಲ್ಲಿ ಉಡುಗೊರೆ ತರೋದು ಸಾಂಟಾ ಅಲ್ಲ. ಅಪ್ಪ ಅಮ್ಮಂದಿರೇ ಮೊದಲೇ ಪೊಟ್ಟಣ ಕಟ್ಟಿ, ಮಗುವಿನ ಹೆಸರು ಬರೆದು, ಗುಟ್ಟಾಗಿ ಮೂಟೆಗೆ ಸೇರಿಸಿರ್ತಾರೆ. ಆಫೀಸರ ಮಗನಿಗೆ ಕ್ರಿಕೆಟ್ ಬ್ಯಾಟು ಬಂತು. ನಮ್ಮಪ್ಪನಿಗೆ ಪೆನ್ಸಿಲ್ ಡಬ್ಬಿ. ಒಳಗೆ ಪೆನ್ಸಿಲ್ಲೂ ಇರಲಿಲ್ಲ.

ಮನೆವರೆಗೂ ಅಪ್ಪ ಮಾತಾಡಲಿಲ್ಲವಂತೆ. ಬಾಗಿಲ ಹತ್ತಿರ ಚಪ್ಪಲಿ ಬಿಡ್ತಾ ಕೇಳಿದ್ರಂತೆ: "ನಾನು ಏನು ತಪ್ಪು ಮಾಡಿದ್ದೆ?"

ಯೋಚನೆ ಮಾಡಿ. ಒಳ್ಳೇ ಮಕ್ಕಳಿಗೆ ಸಾಂಟಾ ಒಳ್ಳೇದು ಕೊಡ್ತಾನೆ ಅಂತ ಹೇಳಿಟ್ಟಿದ್ದೀವಿ. ಬ್ಯಾಟು ಸಿಕ್ಕ ಹುಡುಗ ಒಳ್ಳೆಯವನು ಅಂತಾದ್ರೆ ಪೆನ್ಸಿಲ್ ಡಬ್ಬಿಯವನು? ತಾತ ಅಲ್ಲೇ ಮೆಟ್ಟಿಲ ಮೇಲೆ ಕೂತು, ಡಬ್ಬಿ ಕೊಂಡಿದ್ದು ನಾನು, ನನ್ನ ಹತ್ತಿರ ಇದ್ದಿದ್ದು ಅಷ್ಟೇ ದುಡ್ಡು ಅಂತ ಹೇಳಿದ್ರು. ಮಾರನೇ ವರ್ಷದಿಂದ ಚೀಟಿ ಶುರು.

ಏಳನೇ ವಯಸ್ಸಿಗೇ ನನಗೂ ಇದನ್ನೆಲ್ಲ ಹೇಳಿದ್ರು. ನಾನು ಸುಮ್ಮನಿರ್ತೀನಾ? ಎರಡನೇ ಕ್ಲಾಸಲ್ಲಿ ಇಡೀ ಬೆಂಚಿಗೆ "ಸಾಂಟಾ ಇಲ್ಲ, ನಿಮ್ಮಪ್ಪಾನೇ ಕೊಡೋದು" ಅಂತ ಸಾರಿಬಿಟ್ಟೆ. ಒಬ್ಬಳು ಊಟದ ಬೆಲ್ಲವರೆಗೂ ಅತ್ತಳು. ಅವಳು ಈಗಲೂ ನನ್ನ ಫಾಲೋವರ್ರು. ಸಾರಿ ಕಣೇ. ನಿಜಾನೇ ಹೇಳಿದ್ದು, ಆದ್ರೆ ಡಬ್ಬಿ ತೆಗೆಯೋ ಹೊತ್ತಲ್ಲಿ ಹೇಳಬಾರದಿತ್ತು.

4/5

2020 ನೆನಪಿದೆಯಲ್ಲ. ನಮಗೆ ಫಸ್ಟ್ ಪಿಯುಸಿ. ಸರ್ಕಾರ ಡಿಸೆಂಬರ್ 23ಕ್ಕೆ ನೈಟ್ ಕರ್ಫ್ಯೂ ಅಂತು, 24ಕ್ಕೆ ಇಲ್ಲ ಅಂತು. ನಾವು ಯಾವುದಕ್ಕೂ ಬೇಡ ಅಂತ ಮನೇಲೇ ಉಳಿದ್ವಿ. ಸ್ಟೀಲ್ ಲೋಟಕ್ಕೆ ಒರಗಿಸಿಟ್ಟ ಫೋನಲ್ಲಿ ಆರಾಧನೆ. ತಾತ ಆಗಲೂ ಇಸ್ತ್ರಿ ಮಾಡಿದ ಪ್ಯಾಂಟು ಹಾಕಿ ಕೂತಿದ್ರು.

ಮಾರ್ಚಿಂದ ಅಪ್ಪನ ಗಾಡಿಗೆ ಟ್ರಿಪ್ಪೇ ಇರಲಿಲ್ಲ. ಟಾರ್ಪಾಲ್ ಹೊದ್ದು ಮನೆ ಮುಂದೆ ನಿಂತಿತ್ತು, ಲೋನಿನ ಕಂತು ಮಾತ್ರ ನಿಂತಿರಲಿಲ್ಲ. ನನಗೆ ಸೈಕಲ್ ಕೊಡಿಸ್ತೀನಿ ಅಂತ ಅದಕ್ಕೂ ಹಿಂದಿನ ಕ್ರಿಸ್ಮಸ್ಸಲ್ಲಿ ಹೇಳಿದ್ರು. ನಾನೂ ಕೇಳೋದು ಬಿಟ್ಟಿದ್ದೆ.

ಅವತ್ತು ನನಗೊಂದು ಪೊಟ್ಟಣ ಇತ್ತು. ಶೂ ಡಬ್ಬಿ, ಹಗುರ. ಮೇಲೆ "ಮಗಳಿಗೆ, ಅಪ್ಪನಿಂದ." ಒಳಗೆ ಇನ್ನೊಂದು ಚೀಟಿ: "ಸೈಕಲ್. ಬಾಕಿ ಇದೆ." ಕೆಳಗೆ ಸೈನು, ತಾರೀಖು. ಸಾಲದ ಪತ್ರದ ಥರಾನೇ.

ನಾನು ನಕ್ಕೆ. ಜೋಕು ಅಂದ್ಕೊಂಡೆ. ಆಮೇಲೆ ಅಪ್ಪನ ಮುಖ ನೋಡಿದೆ.

ಇಷ್ಟು ವರ್ಷ ಈ ರೂಲ್ಸು ಮಕ್ಕಳಿಗೋಸ್ಕರ ಅಂದ್ಕೊಂಡಿದ್ದೆ. ಕೊಡೋರಿಗೆ ಇದೆಷ್ಟು ಕಷ್ಟ ಅಂತ ಅವತ್ತು ಗೊತ್ತಾಯ್ತು. ಸಾಂಟಾ ಇರೋ ಮನೇಲಿ "ಪಾಪ, ಈ ವರ್ಷ ಸಾಂಟಾಗೆ ಕೊರೋನಾ" ಅಂದುಬಿಡಬಹುದು. ನಮ್ಮಪ್ಪನಿಗೆ ಅಡಗಿಕೊಳ್ಳೋಕೆ ಯಾರೂ ಇರಲಿಲ್ಲ. ಖಾಲಿ ಡಬ್ಬಿ ಮೇಲೂ ತಮ್ಮ ಹೆಸರು ತಾವೇ ಬರೀಬೇಕಿತ್ತು. ಬರೆದ್ರು.

ಆ ಚೀಟಿ ನನ್ನ ಫೋನ್ ಕವರ್ ಹಿಂದೆ ಇದೆ. ಬಸ್ ಪಾಸ್ ಅಲ್ಲ ಅದು, ತುಂಬ ಜನ ಕೇಳಿದ್ದೀರ. ಗಾಡಿ ಮತ್ತೆ ಓಡೋಕೆ ಶುರುವಾದ ಮೇಲೆ ಎರಡು ಸಲ ಸೈಕಲ್ ಅಂಗಡಿಗೆ ಕರೆದ್ರು. ನಾನು ಹೋಗಿಲ್ಲ. ಬಾಕಿ ಇರಲಿ ಬಿಡಿ ಅಂದೆ.

5/5

ಈ ವರ್ಷ. 22ನೇ ತಾರೀಖು, ಕಲ್ಕಲ್ ಮಾಡೋ ದಿನ. ಎರಡು ಕೆಜಿ ಮೈದಾ, ಮೊಟ್ಟೆ, ಸಕ್ಕರೆ, ತೆಂಗಿನ ಹಾಲು ಹಾಕಿ ಅಜ್ಜಿ ಹಿಟ್ಟು ಕಲಸಿಟ್ರೆ, ನಾವೆಲ್ಲ ಸುತ್ತ ಕೂತು ಗೋಲಿಯಷ್ಟು ಉಂಡೆ ಮಾಡಿ, ಫೋರ್ಕಿನ ಬೆನ್ನಿಗೆ ಒತ್ತಿ ಶಂಖದ ಥರ ಸುರುಳಿ ಸುತ್ತೋದು. ಫೋರ್ಕ್ ಸಾಲದಿದ್ರೆ ಹೊಸ ಬಾಚಣಿಗೆ. ಕೈ ಕೆಲಸ ಮಾಡ್ತಿರುತ್ತೆ, ಬಾಯಿ ಖಾಲಿ, ಹಾಗಾಗಿ ನಮ್ಮನೆ ದೊಡ್ಡ ಜಗಳಗಳೆಲ್ಲ ಅವತ್ತೇ.

ಚಿನ್ನು ಸ್ಕೂಲಲ್ಲಿ ಸಾಂಟಾಗೆ ಲೆಟರ್ ಬರೆದಿದ್ದ. ರಿಮೋಟ್ ಕಾರು ಬೇಕಂತೆ, ನೀಲಿದು. ಚಿಕ್ಕಮ್ಮ ಮೆಲ್ಲಗೆ ತೆಗೆದ್ರು: "ಭಾವ, ಈ ವರ್ಷ ಒಂದೇ ಒಂದು, ಹೆಸರಿಲ್ಲದೆ ಇಟ್ಟುಬಿಡೋಣ. ಮಗು ಆಸೆ."

"ಬೇಡಮ್ಮಾ," ಅಂದ್ರು ಅಪ್ಪ. ಮುಂದಿನ ವರ್ಷ ನಿಮ್ಮಿಂದ ಆಗದಿದ್ರೆ ಮಗುಗೆ ಏನು ಹೇಳ್ತೀರ ಅಂತ ಅವರ ಪ್ರಶ್ನೆ.

ನಾನು ಮನಸ್ಸಲ್ಲೇ ಅಪ್ಪನ ಪಾರ್ಟಿ. ಆದ್ರೆ ಚಿಕ್ಕಮ್ಮ ಫೋರ್ಕ್ ಕೆಳಗಿಟ್ಟು ಹೇಳಿದ್ದು ಕೇಳಿ. ಅವರು ಚಿಕ್ಕವರಿದ್ದಾಗ ಓದಿಸಿದ್ದು, ಬಟ್ಟೆ ಕೊಡಿಸಿದ್ದು ಎಲ್ಲ ನೆಂಟರೊಬ್ಬರು. "ಪ್ರತಿ ಹಬ್ಬಕ್ಕೂ ಅವರ ಮುಂದೆ ನಿಲ್ಲಿಸಿ 'ಯಾರು ಕೊಡಿಸಿದ್ದು ಹೇಳು' ಅನ್ನೋರು. ನನ್ನ ಮದುವೇಲೂ ಅದನ್ನೇ ಹೇಳಿದ್ರು. ಒಂದೇ ಒಂದು ವಸ್ತು ಯಾರಿಗೂ ಋಣ ಇಲ್ಲದೆ ನನ್ನ ಕೈಗೆ ಬಂದಿರಲಿಲ್ಲ, ಭಾವ."

ಎಣ್ಣೆ ಸದ್ದು ಬಿಟ್ರೆ ಬೇರೆ ಸದ್ದಿಲ್ಲ. ತಾತ ಏನೋ ಹೇಳೋಕೆ ಹೋದ್ರು. ಚಿಕ್ಕಮ್ಮ ಬಿಡಲಿಲ್ಲ: "ಮಾವ, ನೀವೇ ವರ್ಷಾ ವರ್ಷಾ ಓದ್ತೀರಲ್ಲ, ಮೂಡಣದ ಜೋಯಿಸರು ಬಂದು ಕೂಸಿಗೆ ಚಿನ್ನ, ಧೂಪ, ರಕ್ತಬೋಳ ಕೊಟ್ರು ಅಂತ. ಅವರ ಹೆಸರು ಎಲ್ಲಿದೆ ತೋರಿಸಿ?"

ಚೆಕ್ ಮಾಡಿ ಬೇಕಾದ್ರೆ. ಮತ್ತಾಯನ ಎರಡನೇ ಅಧ್ಯಾಯ. ಹೆಸರಿಲ್ಲ. ಮೂರು ಜನ ಅಂತಲೂ ಇಲ್ಲ, ಉಡುಗೊರೆ ಮೂರು ಇದೆ ಅಂತ ನಾವು ಮೂರು ಅಂದ್ಕೊಂಡಿದ್ದೀವಿ. ಗ್ಯಾಸ್ಪರ್, ಮೆಲ್ಕಿಯೋರ್, ಬಲ್ತಜಾರ್ ಅನ್ನೋ ಹೆಸರುಗಳೆಲ್ಲ ಆಮೇಲೆ ಬಂದಿದ್ದು. ಸಾಂಟಾ ಕಥೆಯ ಮೂಲಾನೂ ಅಷ್ಟೇ. ನಾಲ್ಕನೇ ಶತಮಾನದಲ್ಲಿ ಈಗಿನ ಟರ್ಕಿಯಲ್ಲಿ ನಿಕೋಲಾಸ್ ಅಂತ ಒಬ್ಬ ಬಿಷಪ್ ಇದ್ದ. ಬಡವನೊಬ್ಬನ ಮೂರು ಹೆಣ್ಣುಮಕ್ಕಳ ಮದುವೆಗೆ ರಾತ್ರಿ ಹೊತ್ತು ಕಿಟಕಿಯಿಂದ ಚಿನ್ನದ ಗಂಟು ಎಸೆದು ಹೋದ ಅಂತ ಐತಿಹ್ಯ. ಕತ್ತಲಲ್ಲಿ ಯಾಕೆ ಎಸೆದ? ಆ ಹುಡುಗಿಯರು ಜೀವನ ಪೂರ್ತಿ ಅವನ ಮುಂದೆ ಕೈಕಟ್ಟಿ ನಿಲ್ಲಬಾರದು ಅಂತಾನೇ ಇರಬೇಕು. ಇದನ್ನೆಲ್ಲ ನಾನು ಹುಡುಕಿ ಓದಿದ್ದು ಅವತ್ತು ರಾತ್ರಿ, ಕೈಯಲ್ಲಿನ್ನೂ ಮೈದಾ ವಾಸನೆ ಇರುವಾಗ. ನಾನು ಯಾವ ಪಾರ್ಟಿ ಅಂತ ಆಮೇಲೆ ನನಗೇ ಗೊತ್ತಾಗಲಿಲ್ಲ.

ತಾತ ಅವತ್ತು ಏನೂ ತೀರ್ಮಾನ ಹೇಳಲಿಲ್ಲ. "ಕಲ್ಕಲ್ ಸೀದುಹೋಗ್ತಿದೆ ನೋಡಿ" ಅಂದ್ರು.

25, ಬೆಳಗ್ಗೆ ಎಂಟು ಗಂಟೆ. ಇಡ್ಲಿ ಆಯ್ತು, ಪ್ರಾರ್ಥನೆ ಆಯ್ತು. ಪುಟ್ಟಿ ಒಂದೊಂದೇ ಪೊಟ್ಟಣ ಎತ್ತಿ ಕೊಡ್ತಿದ್ದಳು. "ಚಿ-ನ್ನು-ಗೆ, ಅ-ಕ್ಕ-ನಿಂ-ದ." ಅದು ನನ್ನದು, ಇಂಟರ್ನ್‌ಶಿಪ್ ದುಡ್ಡಲ್ಲಿ ಕೊಂಡ ಕಲರ್ ಬಾಕ್ಸು. ಥ್ಯಾಂಕ್ಸ್ ಜೊತೆ ಒಂದು ಮುತ್ತೂ ಸಿಕ್ತು. ಕೊನೆಗೆ ಗೋದಲಿ ಹಿಂದೆ ಇನ್ನೊಂದು ಪೊಟ್ಟಣ. ಚೀಟಿ ಇಲ್ಲ.

ಚಿನ್ನು ತಿರುಗಿಸಿ ಮುರುಗಿಸಿ ನೋಡಿದ. ನಾನು ಚಿಕ್ಕಮ್ಮನ್ನ ನೋಡಿದೆ. ಅವರು ಚಿಕ್ಕಪ್ಪನ್ನ. ಇಬ್ಬರೂ ನಾನಲ್ಲ ಅಂತ ತಲೆ ಆಡಿಸಿದ್ರು. ಪೊಟ್ಟಣಕ್ಕೆ ಸುತ್ತಿದ್ದು ಸೆಲ್ಲೋ ಟೇಪ್ ಅಲ್ಲ, ಕಪ್ಪು ಇನ್ಸುಲೇಷನ್ ಟೇಪು. ವೈರ್ ಕಿತ್ತುಹೋದ್ರೆ ಸುತ್ತೋಕೆ ಗಾಡಿ ಡ್ಯಾಶ್‌ಬೋರ್ಡಲ್ಲಿ ಇಟ್ಟಿರ್ತಾರಲ್ಲ, ಅದು. ಅಪ್ಪ ಮಾತ್ರ ತುಂಬ ಗಮನ ಕೊಟ್ಟು ಕಾಫಿ ಕುಡೀತಿದ್ರು.

(ಅಪ್ಪ ಇನ್‌ಸ್ಟಾದಲ್ಲಿಲ್ಲ. ನೀವೂ ಯಾರೂ ಹೇಳೋಕೆ ಹೋಗ್ಬೇಡಿ.)

ನೀಲಿ ಕಾರು. ಬಿಚ್ಚಿದ್ದೇ ಚಿನ್ನು ಕುಣಿದ, ಎರಡು ಸುತ್ತು ಓಡಿಸಿದ, ಆಮೇಲೆ ತಟ್ಟನೆ ನಿಲ್ಲಿಸಿ ಕೇಳಿದ: "ತಾತ, ಥ್ಯಾಂಕ್ಸ್ ಯಾರಿಗೆ ಹೇಳ್ಲಿ?"

ತಾತ ಕನ್ನಡಕ ತೆಗೆದು ಒರೆಸಿದ್ರು. ಅವರಿಗೂ ಟೇಪ್ ಕಂಡಿತ್ತು ಅನ್ಸುತ್ತೆ. "ಚೀಟಿ ಎಲ್ಲೋ ಬಿದ್ದೋಗಿರಬೇಕು ಕಣೋ. ಹುಡುಕು."

ಕೊನೇ ಫೋಟೋ ಅದೇ. ಸೋಫಾ ಕೆಳಗಿಂದ ಆಚೆ ಕಾಣ್ತಿರೋ ಎರಡು ಜೊತೆ ಕಾಲುಗಳಲ್ಲಿ ಚಿಕ್ಕದು ಚಿನ್ನುದು. ಪಕ್ಕದಲ್ಲಿ ಫೋನ್ ಟಾರ್ಚ್ ಹಿಡಿದು ಅವನ ಜೊತೆ ಚೀಟಿ ಹುಡುಕ್ತಾ ಇರೋದು ನಮ್ಮಪ್ಪ. ಸಿಕ್ಕಿದ್ದು ಒಂದು ಕಲ್ಕಲ್, ಹೋದ ವರ್ಷದ್ದಿರಬೇಕು.