ಹದಿನಾಲ್ಕೋ, ಹದಿನೈದೋ?

ನಮ್ಮ ಮಂಡ್ಯದ ಕಡೆ ಸಂಕ್ರಾಂತಿ ಅಂದರೆ ಸಂಜೆಯ ಕಿಚ್ಚು. ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಹುಲ್ಲಿನ ಬೆಂಕಿ ಹಾಯಿಸುತ್ತೇವೆ. ಅಪ್ಪನಿಗೆ ಮಂಡಿನೋವು ಹೆಚ್ಚಾಗಿ, 2024ರ ಹಬ್ಬ ಮುಗಿದ ಮೇಲೆ ಎತ್ತು ಮಾರುವುದೆಂದು ತೀರ್ಮಾನವಾಗಿತ್ತು. ನಮ್ಮ ಜೋಡಿಗೆ ಅದೇ ಕೊನೆಯ ಕಿಚ್ಚು.

ನಾನು ಮೂರು ತಿಂಗಳು ಮೊದಲೇ ಟಿಕೆಟ್ ಮಾಡಿಸಿದ್ದೆ. ಸಂಕ್ರಾಂತಿ ಅಂದರೆ ಜನವರಿ 14, ಭಾನುವಾರ. ಸೋಮವಾರ ಮಧ್ಯಾಹ್ನ ವಾಪಸ್. ಹಬ್ಬಕ್ಕೆ ವಾರವಿರುವಾಗ ಅವ್ವ ಫೋನಿನಲ್ಲಿ "ಸೋಮ್ವಾರ ಹಬ್ಬ" ಅಂದಳು. ಅಷ್ಟರಲ್ಲಿ ಎಲ್ಲ ರೈಲೂ ಭರ್ತಿ. ಮಂಗಳವಾರ ಆಫೀಸು ತಪ್ಪಿಸುವಂತಿರಲಿಲ್ಲ. "ಅಲ್ಲ ಕಣ್ಲಾ, ಒಂದ್ಸಲ ಪಂಚಾಂಗ ನೋಡ್ಬಾರ್ದಿತ್ತಾ?" ಅಂದ ಅಪ್ಪ ಮತ್ತೇನೂ ಹೇಳಲಿಲ್ಲ. ಎತ್ತು ಕಿಚ್ಚು ಹಾಯ್ದದ್ದನ್ನು ಮೇಲಿನ ಬರ್ತಿನಲ್ಲಿ ಮಲಗಿ ಮೊಬೈಲಿನಲ್ಲಿ ನೋಡಿದೆ.

ಬೇಗಂಪೇಟೆಗೆ ಬಂದ ಮೇಲೂ ಆ ಒಂದು ದಿನ ಮನಸ್ಸಿನಿಂದ ಹೋಗಲಿಲ್ಲ. ಓದತೊಡಗಿದೆ. ಯುಗಾದಿ, ದೀಪಾವಳಿಗಳಿಗೆ ಚಂದ್ರನ ತಿಥಿ ಬೇಕು. ಸಂಕ್ರಾಂತಿಗೆ ಸೂರ್ಯ ಮಕರ ರಾಶಿಗೆ ಕಾಲಿಟ್ಟ ಗಳಿಗೆ. ನಕ್ಷತ್ರಗಳ ಲೆಕ್ಕದಲ್ಲಿ ಸೂರ್ಯನಿಗೆ ಒಂದು ಸುತ್ತಿಗೆ 365 ದಿನ, 6 ಗಂಟೆ, 9 ನಿಮಿಷ. ಹಾಗಾಗಿ ಆ ಗಳಿಗೆ ವರ್ಷಕ್ಕೆ ಆರು ಗಂಟೆ ಮುಂದೆ ಹೋಗುತ್ತದೆ, ಫೆಬ್ರವರಿ 29 ಅದನ್ನು ಹಿಂದಕ್ಕೆಳೆಯುತ್ತದೆ. 2023ರಲ್ಲಿ ಅದು 14ರ ರಾತ್ರಿ ಬಂತು, 2024ರಲ್ಲಿ ನಡುರಾತ್ರಿ ದಾಟಿ 15ಕ್ಕೆ, 2025ರಲ್ಲಿ ಮತ್ತೆ 14ರ ಬೆಳಿಗ್ಗೆಗೆ.

ಆದರೆ ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಇಂಗ್ಲಿಷ್ ಕ್ಯಾಲೆಂಡರಿನ ವರ್ಷ ಸರಾಸರಿ ಇಪ್ಪತ್ತು ನಿಮಿಷ ಚಿಕ್ಕದು. ಎಪ್ಪತ್ತೆರಡು ವರ್ಷಕ್ಕೆ ಅದೇ ಒಂದು ದಿನ. ವಿವೇಕಾನಂದರು ಹುಟ್ಟಿದ್ದು ಸಂಕ್ರಾಂತಿಯ ದಿನ. ತಾರೀಖು 1863ರ ಜನವರಿ 12! ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21-22ಕ್ಕೆ. ಹಬ್ಬ ಅಲ್ಲಿಂದ ಇಷ್ಟು ದೂರ ಸರಿದದ್ದೂ ಹೀಗೆಯೇ. ಮೇಘನಾದ ಸಹಾ ಅವರ ಸಮಿತಿ 1955ರಲ್ಲಿ ವರದಿ ಕೊಟ್ಟು, 1957ರಲ್ಲಿ ರಾಷ್ಟ್ರೀಯ ಶಕ ಪಂಚಾಂಗ ಬಂತು. ಮನೆಯ ಹಬ್ಬ ಮಾತ್ರ ಹಳೆಯ ನಕ್ಷತ್ರದ ದಾರಿಯನ್ನೇ ಹಿಡಿದಿದೆ.

ತಮಾಷೆಯೆಂದರೆ, ನಿಜಾಮಿಯಾ ವೀಕ್ಷಣಾಲಯ ಇದ್ದದ್ದು ಇದೇ ಬೇಗಂಪೇಟೆಯಲ್ಲಿ. ನವಾಬ ಜಫರ್ ಜಂಗ್ ಶುರು ಮಾಡಿದ ಅದು 1908ರಲ್ಲಿ ನಿಜಾಮ ಸರ್ಕಾರದ ಕೈಗೆ ಬಂತು. ನಾನಾ ದೇಶಗಳು ಆಕಾಶ ಹಂಚಿಕೊಂಡು ನಕ್ಷತ್ರಗಳ ಜಾಗ ಅಳೆದ ಕೆಲಸದಲ್ಲಿ ಇದಕ್ಕೂ ಒಂದು ಪಾಲಿತ್ತು. ನಕ್ಷತ್ರ ಅಳೆದ ಊರಿನಲ್ಲಿ ಕೂತು ನಾನು ಸಂಕ್ರಾಂತಿಯ ದಿನ ತಪ್ಪಿಸಿಕೊಂಡಿದ್ದೆ.

2025ರಲ್ಲಿ ಊರಲ್ಲಿದ್ದೆ. ನಮ್ಮ ಕೊಟ್ಟಿಗೆ ಖಾಲಿ. ಪಕ್ಕದ ಮನೆಯವರ ಎತ್ತು ಕಿಚ್ಚು ಹಾಯುವುದನ್ನು ಅಪ್ಪನ ಜೊತೆ ನಿಂತು ನೋಡಿದೆ. ಈಗ ಟಿಕೆಟ್ ಮಾಡಿಸುವ ಮೊದಲು ಅಪ್ಪನಿಗೇ ಫೋನ್ ಮಾಡುತ್ತೇನೆ.

"ಯಾಕ್ಲಾ, ನಿನ್ ಮೊಬೈಲ್ ಹೇಳಲ್ವಾ?" ಅನ್ನುತ್ತ ಗೋಡೆಯ ಕ್ಯಾಲೆಂಡರ್ ಕಡೆ ಹೋಗುತ್ತಾನೆ.