ಮಸಣ ದಾಟಿದರೆ ಗ್ರಂಥಾಲಯ

ಗದಗ ಜಿಲ್ಲೆಯ ಶಿಗ್ಲಿ ನೇಕಾರರ ಊರು. ಮಗ್ಗದ ಸದ್ದಿನಲ್ಲಿ ಬೆಳೆದವರಿಗೆ ಎರಡು ಗುಣ ತಾವಾಗಿಯೇ ಬರುತ್ತವೆ. ಒಂದು, ದನಿ ಏರಿಸಿ ಮಾತಾಡುವುದು. ಎರಡು, ಎದುರಿನವರು ಹೇಳಿದ್ದನ್ನು ಅರ್ಧ ಕೇಳಿ ಪೂರ್ತಿ ಉತ್ತರ ಕೊಡುವುದು. ಹಾಗಾಗಿ ಸಂಜೆ ಕಟ್ಟೆಯ ಮೇಲೆ ಎಂಥ ವಿಷಯ ಬಿದ್ದರೂ ಚಹಾ ಆರುವುದರೊಳಗೆ ತೀರ್ಮಾನ ಆಗಿಬಿಡುತ್ತದೆ. ಮೊನ್ನೆ ಬಿದ್ದದ್ದು ಮನೆ ಕರದ ಪಾವತಿ.

“ಇಲ್ಲಿ ನೋಡ್ರಿ ಕಾಕಾ, ಗ್ರಂಥಾಲಯದ ಕರ ಹಚ್ಯಾರ. ನಾ ಒಂದ್ ದಿನಾನೂ ಆ ಕಡೆ ಹಣಿಕಿ ಹಾಕಿಲ್ಲ.”

“ಅದರ ಕೆಳಗ ಭಿಕ್ಷುಕರ ಕರಾನೂ ಐತಿ ನೋಡಲೇ. ಭಿಕ್ಷಾನೂ ಬೇಡಿಲ್ಲಲ್ಲ ನೀ?”

ಕಾಕಾನ ಮಾತಿಗೆ ಕಟ್ಟೆ ನಕ್ಕಿತು. ನಾನೂ ನಕ್ಕೆ, ಆದರೆ ಅದು ನಕ್ಕು ಬಿಡುವ ಮಾತಲ್ಲ. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ 1965ರದು. ಅದರ ಪ್ರಕಾರ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6 ಗ್ರಂಥಾಲಯಕ್ಕೆ. ಭಿಕ್ಷಾಟನೆ ನಿಷೇಧದ ಕಾಯಿದೆ 1975ರದು. ಅದಕ್ಕೆ ನೂರಕ್ಕೆ 3. ಅಂದರೆ ನಮ್ಮ ರಾಜ್ಯ ಭಿಕ್ಷುಕರಿಗಿಂತ ಓದುಗರಿಗೆ ದುಪ್ಪಟ್ಟು ಬೆಲೆ ಕೊಟ್ಟಿದೆ. ಬರಹಗಾರರ ಸಂಪಾದನೆ ಬಲ್ಲವರು ಈ ಎರಡು ಬಾಬತ್ತು ಒಂದೇ ಚೀಟಿಯಲ್ಲಿರುವುದನ್ನು ಕಂಡು ಆಶ್ಚರ್ಯಪಡಲಾರರು. ಆಶ್ಚರ್ಯದ ಮಾತು ಬೇರೆ ಇದೆ. ಈ 6 ವಸೂಲಾದಷ್ಟು ಸಲೀಸಾಗಿ ಗ್ರಂಥಾಲಯದ ಖಾತೆಗೆ ಹೋಗಿ ಮುಟ್ಟುವುದಿಲ್ಲ. ಬೆಂಗಳೂರು ಪಾಲಿಕೆಯೊಂದರಿಂದಲೇ ಬರಬೇಕಾದ ಬಾಕಿ ನೂರಾರು ಕೋಟಿಯ ಮಾತಾಗಿ ವರ್ಷಗಟ್ಟಲೆ ಪತ್ರಿಕೆಗಳಲ್ಲಿ ಓಡಾಡಿತು. ಪುಸ್ತಕ ಎರವಲು ಒಯ್ದು ತಿರುಗಿ ಕೊಡದ ಓದುಗನಿಗೆ ದಂಡ ಉಂಟು. ಪುಸ್ತಕದ ದುಡ್ಡನ್ನೇ ಎರವಲು ಇಟ್ಟುಕೊಂಡವರಿಗೆ ನೆನಪಿನೋಲೆ ಮಾತ್ರ.

ಸರ್ಕಾರ ಈ ಕಲೆ, ಸಾಹಿತ್ಯ, ಆಟ, ಗುಡಿ, ಗ್ರಂಥಾಲಯಗಳನ್ನೆಲ್ಲ ಯಾವ ಮೂಲೆಯಲ್ಲಿ ಇಟ್ಟಿದೆ ಎಂದು ನೋಡಲು ಸಂವಿಧಾನದ ಏಳನೆಯ ಅನುಸೂಚಿ ತೆರೆದರೆ ಹರಟೆಗೆ ಬೇಕಾದ ಸರಕೆಲ್ಲ ಅಲ್ಲೇ ಇದೆ. ರಾಜ್ಯಪಟ್ಟಿಯಲ್ಲಿ 8ನೆಯದು ಮದ್ಯ. 10ನೆಯದು ಮಸಣ. 11ರಲ್ಲಿ ಶಿಕ್ಷಣ ಇತ್ತು; 1976ರ ತಿದ್ದುಪಡಿಯಲ್ಲಿ ಅದನ್ನು ಎಬ್ಬಿಸಿ ಸಮವರ್ತಿ ಪಟ್ಟಿಗೆ ಒಯ್ದರು, ಜಾಗ ಖಾಲಿ ಬಿತ್ತು. 12ನೆಯದು ಗ್ರಂಥಾಲಯ, ವಸ್ತುಸಂಗ್ರಹಾಲಯ, ಹಳೆಯ ಸ್ಮಾರಕ. ಮದ್ಯದಂಗಡಿಯಿಂದ ಹೊರಟವನು ನೆಟ್ಟಗೆ ನಡೆದರೆ ಮಸಣ; ಅದನ್ನೂ ದಾಟಿ, ಶಾಲೆ ಇದ್ದ ಬಯಲನ್ನೂ ದಾಟಿದರೆ ಗ್ರಂಥಾಲಯ. ಇನ್ನು 33ರಲ್ಲಿ ನಾಟಕ, ಸಿನಿಮಾ, ಕ್ರೀಡೆ ಒಂದೇ ಚಾಪೆಯ ಮೇಲೆ ಕೂತಿವೆ. 34 ಜೂಜು. ಐಪಿಎಲ್ ಹೊತ್ತಿನಲ್ಲಿ ನಮ್ಮ ಕಡೆ 33 ಎಲ್ಲಿ ಮುಗಿಯಿತು, 34 ಎಲ್ಲಿ ಶುರುವಾಯಿತು ಎಂದು ಹೇಳಲು ಪೊಲೀಸರಿಗೂ ಕಷ್ಟ.

ಇದು ಬೆಂಗಳೂರಿನ ಪಟ್ಟಿ. ಹಳ್ಳಿಗೆ ಬೇರೆ ಪಟ್ಟಿ ಇದೆ. 1993ರಲ್ಲಿ ಜಾರಿಗೆ ಬಂದ 73ನೆಯ ತಿದ್ದುಪಡಿಯಲ್ಲಿ ಪಂಚಾಯಿತಿಗಳಿಗೆ 29 ವಿಷಯ ಬರೆದುಕೊಟ್ಟರು. ಅದರಲ್ಲಿ 20 ಗ್ರಂಥಾಲಯ, 21 ಸಾಂಸ್ಕೃತಿಕ ಚಟುವಟಿಕೆ, 22 ಸಂತೆ-ಜಾತ್ರೆ. ಆಟದ ಹೆಸರೇ ಇಲ್ಲ! ಪಟ್ಟಣಗಳಿಗಾಗಿ ಬರೆದ ಪಟ್ಟಿಯಲ್ಲಿ ಉದ್ಯಾನದ ಜೊತೆ ಆಟದ ಮೈದಾನವೂ ಇದೆ. ಅಕ್ಷರ ಹಿಡಿದು ಓದಿದರೆ ಪಕ್ಕದ ಲಕ್ಷ್ಮೇಶ್ವರದ ಪುರಸಭೆಯ ಹುಡುಗರಿಗೆ ಮೈದಾನ ಉಂಟು, ಶಿಗ್ಲಿಯ ಹುಡುಗರಿಗೆ ಇಲ್ಲ. ಹೊಲ ಇದೆಯಲ್ಲ ಅಂದುಕೊಂಡರೋ ಏನೋ. ಮುಂದೆ ಉದ್ಯೋಗ ಖಾತ್ರಿ ಯೋಜನೆಯಲ್ಲಿ ಶಾಲೆಯ ಅಂಗಳಗಳನ್ನು ಮೈದಾನ ಮಾಡುವ ಕೆಲಸ ಹಿಡಿದು ಈ ಕೊರತೆಯನ್ನು ಒಂದಿಷ್ಟು ತುಂಬಿದರು ಅನ್ನಿ.

ನಮ್ಮ ಕಡೆಯವರು ಮಾತ್ರ ಪಟ್ಟಿಗೆ ಕಾಯಲಿಲ್ಲ. 20, 21, ಹೆಸರಿಲ್ಲದ ಆಟ, ಎಲ್ಲವನ್ನೂ 22ರಲ್ಲೇ ಹಾಕಿ ಕಲಸಿಬಿಟ್ಟರು. ಜಾತ್ರೆ ಅಂದರೆ ಅದೇ. ಶಿರಹಟ್ಟಿಯ ಫಕೀರೇಶ್ವರ ಜಾತ್ರೆಯಿರಲಿ, ಡಂಬಳದ ರೊಟ್ಟಿ ಜಾತ್ರೆಯಿರಲಿ, ಅಥವಾ ಹೆಸರೇ ಕೇಳದ ಸಣ್ಣ ಊರಿನ ಹನುಮಪ್ಪನ ಓಕುಳಿಯೇ ಇರಲಿ, ಯೋಜನಾ ಆಯೋಗ ಎಂಬುದು ಅಲ್ಲಿ ಎಂದಿನಿಂದಲೂ ಇದೆ. ಅದರ ಹೆಸರು ಜಾತ್ರಾ ಕಮಿಟಿ. ತಿಂಗಳ ಮೊದಲೇ ಪಟ್ಟಿ ಕೂಡಿಸುತ್ತಾರೆ. ಯಾರ ಮನೆಗೆ ಎಷ್ಟು ಎಂಬುದಕ್ಕೆ ನಿಯಮಾವಳಿ ಇಲ್ಲ. ಹೋದ ವರ್ಷ ಏನು ಕೊಟ್ಟಿದ್ದ, ಈ ವರ್ಷ ಮೆಣಸಿನಕಾಯಿಗೆ ದರ ಏನು ಬಂದಿತ್ತು ಎಂಬ ಲೆಕ್ಕ ಎಲ್ಲರ ಬಾಯಲ್ಲಿರುತ್ತದೆ. ಖರ್ಚಿನ ತಲೆಬರಹಗಳೂ ಸ್ಪಷ್ಟ: ತೇರಿಗೆ ಇಷ್ಟು, ಕುಸ್ತಿಗೆ ಇಷ್ಟು, ನಾಟಕದ ಸೀನರಿಗೆ ಇಷ್ಟು, ಹೊರಗಿನಿಂದ ಬರುವ ನಟಿಯರಿಗೆ ಇಷ್ಟು, ಹಾರ್ಮೋನಿಯಂ ಮಾಸ್ತರಿಗೆ ಇಷ್ಟು. ಕೊನೆಗೆ ಗುಡಿಯ ಪೌಳಿಯಲ್ಲಿ ಕೂತು ಲೆಕ್ಕ ಓದುತ್ತಾರೆ. ಮಹಾಲೇಖಪಾಲರ ವರದಿಗೆ ಹೆದರದವರೂ ಆ ಪೌಳಿಗೆ ಹೆದರುತ್ತಾರೆ.

ಗಮನಿಸಿ, ಈ ಪಟ್ಟಿಯಲ್ಲಿ ಕಟ್ಟಡ ಇಲ್ಲ. ದುಡ್ಡು ಹೆಚ್ಚಾಗಿ ಮನುಷ್ಯರಿಗೆ ಹೋಗುತ್ತದೆ. ಸರ್ಕಾರದ ಪಟ್ಟಿಯಲ್ಲಿ ಕಟ್ಟಡವೇ ಮೊದಲು. ಯಾಕೆಂದರೆ ಕಟ್ಟಡಕ್ಕೆ ಅಡಿಗಲ್ಲು ಉಂಟು, ಉದ್ಘಾಟನೆ ಉಂಟು, ಎರಡಕ್ಕೂ ಬೇರೆ ಬೇರೆ ಫಲಕ ಉಂಟು. ಹಾರ್ಮೋನಿಯಂ ಮಾಸ್ತರಿಗೆ ಫಲಕ ಹಚ್ಚುವುದು ಎಲ್ಲಿ? ಹೆಸರು ಹೇಳಲಾರೆ, ಒಂದೂರಿನಲ್ಲಿ ಬಯಲು ರಂಗಮಂದಿರ ನೋಡಿದೆ. ಸಿಮೆಂಟಿನ ಗಟ್ಟಿ ಕೆಲಸ, ಮೇಲೆ ತಗಡಿನ ಚಪ್ಪರ, ಮೂರು ಫಲಕ. ಗೋವಿನಜೋಳ ಒಣಗಲು ಹಾಕಿದ್ದರು. ನಾಟಕ ಯಾವಾಗ ಎಂದು ಕೇಳಿದರೆ, “ಇಲ್ಲೆ ಆಡೂದಿಲ್ರೀ ಸರ, ಮುಂದ ಮಂದಿ ಕುಂದ್ರಾಕ ಜಾಗಾ ಬಿಟ್ಟಿಲ್ಲ. ನಾಟಕ ಆ ಕಡೆ ಹೊಲದಾಗ” ಅಂದರು.

ಕುಸ್ತಿಯ ಕಥೆ ಇನ್ನೂ ಸ್ವಾರಸ್ಯ. ಕಣದಲ್ಲಿ ಮೊದಲು ಚಿಕ್ಕ ಹುಡುಗರನ್ನು ಬಿಡುತ್ತಾರೆ, ಗೆದ್ದವನಿಗೆ ತೆಂಗಿನಕಾಯಿ. ಸೋತು ಅಳುವವನಿಗೂ ಯಾರಾದರೂ ಹಿರಿಯರು ಒಂದು ನೋಟು ಹಿಡಿಸುತ್ತಾರೆ. ಈಗ ಇಲಾಖೆಯವರು ‘ಪ್ರತಿಭಾ ಶೋಧ’ ಅನ್ನುವುದು ಇದನ್ನೇ, ಅರ್ಜಿ ನಮೂನೆಯೊಂದು ಹೆಚ್ಚು. ಬಳಿಕ ಬೆಳ್ಳಿ ಕಡಗದ ದೊಡ್ಡ ಜೋಡಿಗಳು. ಮಾಜಿ ಪೈಲ್ವಾನರಿಗೆ ಸರ್ಕಾರ ಮಾಸಾಶನ ಕೊಡುತ್ತದೆ. ಒಳ್ಳೆಯದೇ, ಯಾರೂ ಬೇಡ ಅನ್ನಬಾರದು. ಆದರೆ ಮೊಣಕಾಲು ಸವೆದ ಮೇಲೆ ಬರುವ ಈ ದುಡ್ಡು, ಹಾಲು-ಬಾದಾಮಿ ಬೇಕಿದ್ದ ಹದಿನೆಂಟರ ಹರೆಯದಲ್ಲಿ ಎಲ್ಲಿತ್ತು? ಆ ಹರೆಯದಲ್ಲಿ ಅವನನ್ನು ಸಾಕಿದ್ದು ಮನೆಯ ಎಮ್ಮೆ. ಇನ್ನೊಂದು ತೊಡಕು: ಇಲ್ಲಿಯ ಗರಡಿಯಲ್ಲಿ ಕೆಂಪು ಮಣ್ಣು, ಸರ್ಕಾರಿ ಪಂದ್ಯದಲ್ಲಿ ಮ್ಯಾಟು. ಮಣ್ಣಲ್ಲಿ ಹುಲಿಯಾದವನು ಮ್ಯಾಟಿನ ಮೇಲೆ ಕಾಲು ಜಾರುತ್ತಾನೆ.

ಗದಗಿನ ದೊಡ್ಡ ಹೆಸರುಗಳನ್ನೇ ತೆಗೆದುಕೊಳ್ಳಿ. ಸುನೀಲ್ ಜೋಶಿ ಹುಡುಗನಾಗಿದ್ದಾಗ ಗದಗಿನಿಂದ ಹುಬ್ಬಳ್ಳಿಗೆ, ಸುಮಾರು 60 ಕಿಲೋಮೀಟರು, ಬೆಳಗಿನ ಅಭ್ಯಾಸಕ್ಕೆ ಹೋಗಿ ಶಾಲೆಯ ಹೊತ್ತಿಗೆ ತಿರುಗಿ ಬರುತ್ತಿದ್ದರಂತೆ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದವರಿಗೆ 10 ಓವರು ಹಾಕಿ 6 ಮೇಡನ್, ಬರೇ 6 ರನ್ನು, 5 ವಿಕೆಟ್. ಭೀಮಸೇನ ಜೋಶಿಯವರದು ಇನ್ನೂ ಹಳೆಯ ಕಥೆ. ಹನ್ನೊಂದು ವರ್ಷದ ಹುಡುಗ 1933ರಲ್ಲಿ ಮನೆ ಬಿಟ್ಟು, ಟಿಕೆಟ್ಟಿಲ್ಲದೆ ರೈಲು ಹತ್ತಿ ಗುರುವನ್ನು ಹುಡುಕಿಕೊಂಡು ಗ್ವಾಲಿಯರ್ ಅಲೆದು, ಜಲಂಧರದವರೆಗೆ ಹೋದ. ಅಲ್ಲಿ ವಿನಾಯಕರಾವ್ ಪಟವರ್ಧನರು, ನಿನ್ನ ಊರಿನ ಕಡೆಯೇ ಸವಾಯಿ ಗಂಧರ್ವರಿದ್ದಾರಲ್ಲ, ಅವರ ಬಳಿ ಹೋಗು ಎಂದರು. ಸವಾಯಿ ಗಂಧರ್ವರು ಇದ್ದದ್ದು ಕುಂದಗೋಳದಲ್ಲಿ, ಲಕ್ಷ್ಮೇಶ್ವರದ ಮಗ್ಗುಲಿಗೆ! ಒಂದೇ ಜಿಲ್ಲೆ ಈ ದೇಶಕ್ಕೆ ಕೊಟ್ಟ ಸ್ಪಿನ್ನರನ ಕ್ರೀಡಾನೀತಿಯನ್ನು ಬರೆದದ್ದು ಆ ದಿನದ ಓಡಾಟ, ಗಾಯಕನ ಸಂಗೀತನೀತಿಯನ್ನು ಬರೆದದ್ದು ರೈಲ್ವೆ ಇಲಾಖೆ. ಅದೂ ಇಲಾಖೆಗೇ ಗೊತ್ತಿಲ್ಲದಂತೆ.

ಗದಗಿನ ವೀರೇಶ್ವರ ಪುಣ್ಯಾಶ್ರಮದ್ದು ಬೇರೆ ದಾರಿ. ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳನ್ನು, ಅನಾಥರನ್ನು ಕೂಡಿಸಿ ಸಂಗೀತ ಕಲಿಸಿದರು. ಹೊಟ್ಟೆಗೆ ಏನು? ಜೋಳಿಗೆ. ಅದೂ ಸಾಲದಾದಾಗ ನಾಟಕ ಕಂಪನಿ. ಹೀಗೆ ಊರೂರು ತಿರುಗಿದ ನಾಟಕದ ಗಲ್ಲಾಪೆಟ್ಟಿಗೆ ಸಂಗೀತ ಶಾಲೆಯನ್ನು ಸಾಕಿತು. 1944ರಲ್ಲಿ ಅವರು ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು ಆ ನೊಗ ಹೊತ್ತರು. ಸರ್ಕಾರದ ಪದ್ಮಭೂಷಣ ಬಂದದ್ದು 2010ರಲ್ಲಿ, ಅವರ 96ನೆಯ ವಯಸ್ಸಿಗೆ. ಅದೇ ವರ್ಷ ಅವರು ಹೊರಟೂಬಿಟ್ಟರು. ಮಾಜಿ ಪೈಲ್ವಾನರ ಮಾಸಾಶನದ ಮಾತು ಆಗಲೇ ಆಡಿದ್ದೇನೆ, ಮತ್ತೆ ಆಡುವುದಿಲ್ಲ.

ಹಾಗೆಂದು ಸರ್ಕಾರ ಯೋಚಿಸಲೇ ಇಲ್ಲ ಅನ್ನಲಾದೀತೇ? ಸರ್ಕಾರಿ ವರದಿಯ ಪರಂಪರೆ ಇಲ್ಲಿ ಒಂಬತ್ತನೆಯ ಶತಮಾನದ್ದು. ನೃಪತುಂಗನ ಆಸ್ಥಾನದ ಕವಿರಾಜಮಾರ್ಗ ತಿರುಳ್ಗನ್ನಡದ ನಾಡು ಎಂದು ನಾಲ್ಕು ಊರು ಗುರುತಿಸಿದಾಗ ಅದರಲ್ಲಿ ಪುಲಿಗೆರೆ, ಅಂದರೆ ನಮ್ಮ ಲಕ್ಷ್ಮೇಶ್ವರ, ಒಂದು. ಹಾಗಿದ್ದೂ ಮುಂದೆ ಲಕ್ಷ್ಮೇಶ್ವರ ಮೀರಜ ಸಂಸ್ಥಾನಕ್ಕೆ, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ ಸೇರಿ, 1948ರವರೆಗೆ ಮರಾಠಿ ಕಚೇರಿಗೆ ಅರ್ಜಿ ಬರೆಯಬೇಕಾಯಿತು. ಈಚಿನ ದೊಡ್ಡ ವರದಿ ಬರಗೂರು ರಾಮಚಂದ್ರಪ್ಪನವರ ಸಮಿತಿಯದು. 2014ರಲ್ಲಿ ಕೊಟ್ಟರು, 2017ರಲ್ಲಿ ಸಾಂಸ್ಕೃತಿಕ ನೀತಿಯಾಗಿ ಸಂಪುಟ ಒಪ್ಪಿತು. ಒಪ್ಪಲು ಮೂರು ವರ್ಷ ಹಿಡಿಯಿತು ಎಂದು ಗೊಣಗುವವರಿದ್ದಾರೆ. ನಮ್ಮಲ್ಲಿ ಹೆಣ್ಣು ನೋಡಿ ಒಪ್ಪಲೂ ಕೆಲವರು ಅಷ್ಟೇ ಹೊತ್ತು ತೆಗೆದುಕೊಳ್ಳುತ್ತಾರೆ, ಅದು ಬಿಡಿ.

ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಯನ್ನು ಇನ್ಫೊಸಿಸ್ ಪ್ರತಿಷ್ಠಾನದವರು ದುರಸ್ತಿ ಮಾಡಿಸಿದರು. ಪುಲಿಗೆರೆ ಉತ್ಸವವೂ ಶುರುವಾಯಿತು. ನಂದಿಯ ಮೇಲೆ ಕೂತ ಶಿವ-ಪಾರ್ವತಿಯರ ಎದುರು ಸಂಗೀತ, ನೃತ್ಯ. ಚೆಂದವೇ. ಈಗ ಸರ್ಕಾರವೂ ಸ್ಮಾರಕಗಳನ್ನು ದತ್ತು ತೆಗೆದುಕೊಳ್ಳಿ ಎಂದು ಕೈಚಾಚುತ್ತಿದೆ. ದತ್ತು ಕೊಡುವ ತಂದೆ ಕೂಸಿನ ಹಾಲಿನ ಖರ್ಚು ತನಗೆ ಸಂಬಂಧವಿಲ್ಲ ಅನ್ನಬಾರದು, ಅಷ್ಟೇ ನನ್ನ ತಕರಾರು. ಉತ್ಸವ ಮುಗಿದ ಮರುದಿನ ಕಸ ಬಳಿಯುವವರ ಪಗಾರ ಯಾವ ಯೋಜನೆಯಲ್ಲಿದೆ ಎಂದು ಕೇಳುವುದು ನನಗೆ ಚಟವಾಗಿಬಿಟ್ಟಿದೆ.

ಗ್ರಂಥಾಲಯದ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಅಲ್ಲಿ ನಿಜವಾಗಿಯೂ ಏನೋ ನಡೆದಿದೆ. 2019ರಲ್ಲಿ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳನ್ನು ಪಂಚಾಯತ್‌ರಾಜ್ ಇಲಾಖೆಗೆ ವಹಿಸಿದರು. ಮರುವರ್ಷ ಮಕ್ಕಳ ದಿನಾಚರಣೆಗೆ ‘ಓದುವ ಬೆಳಕು’ ಬಂತು, 6ರಿಂದ 18ರವರೆಗಿನ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ಕೊರೊನಾದಲ್ಲಿ ಶಾಲೆ ಮುಚ್ಚಿದ್ದ ಹೊತ್ತು ಅದು. ಆಮೇಲೆ ‘ಅರಿವು ಕೇಂದ್ರ’ ಎಂಬ ಹೆಸರು, ಗೋಡೆಗೆ ಬಣ್ಣ, ಕಂಪ್ಯೂಟರು, ಚದುರಂಗದ ಹಲಗೆ. ಇಷ್ಟೆಲ್ಲ ಆದದ್ದು ಹೊಸ ಕಟ್ಟಡ ಎಬ್ಬಿಸುವುದಕ್ಕಿಂತ ಇದ್ದ ಕೋಣೆಯ ಬಾಗಿಲನ್ನು ಮಕ್ಕಳಿಗೆ ತೆರೆದದ್ದರಿಂದ. ತೆರೆಯುವವರು ಗ್ರಂಥಾಲಯ ಮೇಲ್ವಿಚಾರಕರು. ಪಗಾರ ಅನ್ನಲು ಸಂಕೋಚವಾಗಿ ಅವರಿಗೆ ಸಲ್ಲುವುದನ್ನು ಬಹಳ ಕಾಲ ಗೌರವಧನ ಎಂದರು. ಇಡೀ ಯೋಜನೆ ನಿಂತಿರುವುದು ಅವರ ಸೊಂಟದ ಬೀಗದ ಕೈಯ ಮೇಲೆ.

ಆ ಬೀಗ ಯಾವಾಗ ತೆಗೆಯಬೇಕು ಎಂಬುದನ್ನೂ ಊರೇ ಗೊತ್ತು ಮಾಡಲಿ. ರೈತರ ಊರಿಗೆ ಒಂದು ಹೊತ್ತು, ನೇಕಾರರ ಊರಿಗೆ ಇನ್ನೊಂದು. ಮಗ್ಗ ಓಡುವಾಗ ನೇಕಾರ ಏಳಲಾರ. ಹರಿದ ಎಳೆ ಕಟ್ಟಬೇಕು, ಕಂಡಿಕಿ ಬದಲಿಸಬೇಕು. ಪಾವರ್‌ಲೂಮಿನವನಿಗೆ ಪೂರ್ತಿ ಬಿಡುವು ಸಿಗುವುದು ಕರೆಂಟು ಹೋದಾಗ. ಆಗ ಅವನು ಕಟ್ಟೆಗೆ ಬರುತ್ತಾನೆ, ನಮ್ಮಂಥವರ ಹರಟೆಗೆ ಸಿಗುತ್ತಾನೆ. ಗ್ರಂಥಾಲಯವನ್ನು ಆ ಹೊತ್ತಿಗೇ ತೆರೆಯಲಿ ಎಂಬ ಮಾತನ್ನು ಕಟ್ಟೆಯ ಮೇಲೆ ಎತ್ತಿದೆ.

“ಕರೆಂಟ್ ಹೋದಾಗ ಲೈಬ್ರರಿ ತೆಗದ್ರ ಕತ್ತಲಾಗ ಏನ್ ಓದೂದ್ರಿ?” ಎಂದ ಒಬ್ಬ.

“ಹಗಲಿನ್ಯಾಗ ಹೋದ್ರ ಕಿಟಕಿ ಐತಿ, ರಾತ್ರಿ ಹೋದ್ರ ಸೋಲಾರ್ ಹಚ್ಚಸ್ರಿ” ಎಂದರು ಕಾಕಾ. “ಖರೇ ತೊಡಕು ಬ್ಯಾರೆ ಐತಿ. ಕರೆಂಟ್ ಯಾವಾಗ ಹೊಕ್ಕೈತಿ ಅಂತ ಮೊದಲ ಹೆಂಗ ಗೊತ್ತಾಗಬೇಕು?”

ಅರ್ಧ ಕೇಳಿ ಪೂರ್ತಿ ಉತ್ತರ ಕೊಡುವವರ ಊರಲ್ಲಿ ಇದು ತೂಕದ ಪ್ರಶ್ನೆ. ಯೋಚಿಸಿ ನೋಡಿದರೆ ಉತ್ತರ ಪತ್ರಿಕೆಯಲ್ಲೇ ಇದೆ. ದಿನ, ಗಂಟೆ, ಊರುಗಳ ಹೆಸರು ಸಮೇತ ಜನರಿಗೆ ಮುಂಚಿತವಾಗಿ ತಿಳಿಸುವ ಸರ್ಕಾರಿ ಯೋಜನೆ ನನಗೆ ಗೊತ್ತಿರುವಂತೆ ಒಂದೇ: ಒಳಪುಟದಲ್ಲಿ ಬರುವ ‘ನಾಳೆ ವಿದ್ಯುತ್ ವ್ಯತ್ಯಯ’ ಪ್ರಕಟಣೆ. ಮುಂದಿನ ಗ್ರಾಮಸಭೆಯಲ್ಲಿ ನಾವು ಕೇಳಲಿರುವುದು ಇಷ್ಟೇ. ಅದರ ಕೆಳಗೆ ಇನ್ನೊಂದು ಸಾಲು ಹಾಕಿಸಿ: ಸದರಿ ಅವಧಿಯಲ್ಲಿ ಅರಿವು ಕೇಂದ್ರ ತೆರೆದಿರುತ್ತದೆ, ನೇಕಾರ ಬಾಂಧವರು ಸಹಕರಿಸಬೇಕು.