ನಾಲ್ಕು ಊರು, ನಾಲ್ಕು ಸಂಜೆ, ಒಂದು ಪ್ಲೇಟ್ ಗಿರಮಿಟ್

ಬೆಂಗಳೂರಿನಿಂದ ಹುಬ್ಬಳ್ಳಿ ಕಡೆ ಹೋಗೋರಿಗೆ ಹಾವೇರಿ ಜಿಲ್ಲೆ ಅಂದ್ರೆ ಹೆದ್ದಾರಿ ಮೇಲಿನ ಒಂದಿಷ್ಟು ಬೋರ್ಡು, ಒಂದು ಟೋಲ್, ಒಂದು ಚಹಾ. ಅಷ್ಟೇ. ಊರುಗಳೆಲ್ಲಾ ಕಿಟಕಿಯಾಚೆ ಹಿಂದಕ್ಕೆ ಓಡ್ತಾ ಇರುತ್ತವೆ. ಈ ಸಲ ನಾಲ್ಕು ದಿನ ರಜೆ ಹಾಕಿ, ಕಾರು ಬಿಟ್ಟು, ಕೆಂಪು ಬಸ್ಸಿನಲ್ಲೇ ಹಿರೇಕೆರೂರು, ಹಾನಗಲ್ಲ, ಶಿಗ್ಗಾವಿ, ಸವಣೂರು ಸುತ್ತಿ ಬಂದೆ. ದಿನಕ್ಕೊಂದು ಊರು. ಬೆಳಿಗ್ಗೆ ನೋಡೋ ಜಾಗ ನೋಡೋದು, ಸಂಜೆ ನಾಲ್ಕರಿಂದ ಎಂಟರವರೆಗೆ ಬಸ್ ಸ್ಟ್ಯಾಂಡ್ ಸುತ್ತಮುತ್ತ ಗಾಡಿಗಳ ಮುಂದೆ ನಿಂತು ತಿನ್ನೋದು. ಪ್ಲಾನ್ ಇಷ್ಟೇ.

ನಾನು ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದಿದವನು. ಹಾಗಾಗಿ ಮಂಡಕ್ಕಿ, ಮಿರ್ಚಿ ವಿಷಯದಲ್ಲಿ ಸ್ವಲ್ಪ ಜಂಬ ಇದೆ. ಮೊದಲ ದಿನ ಹಿರೇಕೆರೂರಿನಲ್ಲಿ ಆ ಜಂಬಕ್ಕೆ ಏನೂ ಧಕ್ಕೆ ಆಗಲಿಲ್ಲ. ಗಾಡಿಯವರ ಬಾಯಲ್ಲೂ ‘ಮಂಡಕ್ಕಿ’ ಅನ್ನೋ ಮಾತೇ ಕೇಳಿತು. ಹುಬ್ಬಳ್ಳಿಗೆ ಹತ್ತಿರವಾಗ್ತಾ ಹೋದ ಹಾಗೆ ಅದೇ ಅಕ್ಕಿ ‘ಚುರಮುರಿ’ ಆಯ್ತು. ಮಾತೂ ‘ಇದೆ’ಯಿಂದ ‘ಐತಿ’ಗೆ ತಿರುಗಿತು. ಮಧ್ಯ ಕರ್ನಾಟಕ ಎಲ್ಲಿ ಮುಗಿದು ಉತ್ತರ ಕರ್ನಾಟಕ ಎಲ್ಲಿ ಶುರುವಾಗುತ್ತೆ ಅಂತ ನಕ್ಷೆ ನೋಡೋ ಅಗತ್ಯವೇ ಇಲ್ಲ, ಪ್ಲೇಟ್ ಕೈಗೆ ಕೊಡುವಾಗ ಏನಂತಾರೆ ಅಂತ ಕೇಳಿಸಿಕೊಂಡರೆ ಸಾಕು.

ಹಿರೇಕೆರೂರಿನ ಬೀದಿ ರೈತರ ಬೀದಿ. ಬೀಜದ ಅಂಗಡಿ, ಗೊಬ್ಬರದ ಅಂಗಡಿ, ಪಂಪ್ ರಿಪೇರಿ, ನಡುನಡುವೆ ಚಹಾ. ಮೆಕ್ಕೆಜೋಳ, ಹತ್ತಿ ಬೆಳೆಯೋ ಸೀಮೆ ಇದು. ‘ಸರ್ವಜ್ಞ ನಮ್ಮ ಕಡೆಯವನು’ ಅಂತ ಇಲ್ಲಿನವರು ಹೆಮ್ಮೆಯಿಂದ ಹೇಳ್ತಾರೆ. ಅಬಲೂರಿನ ಹೆಸರು, ಮಾಸೂರಿನ ಹೆಸರು ಮಾತಿಗೆ ಬರುತ್ತೆ. ಚಹಾದ ಅಂಗಡಿಯಲ್ಲಿ ಹತ್ತು ನಿಮಿಷ ಕೂತರೆ ಮಳೆ, ರೇಟು, ರಾಜಕೀಯ ಮೂರರ ಅಪ್‌ಡೇಟ್ ಉಚಿತ.

ಹಾನಗಲ್ಲಕ್ಕೆ ಬಂದರೆ ಗಾಳಿಯೇ ಬೇರೆ. ಮಲೆನಾಡಿನ ಅಂಚು. ಗದ್ದೆ, ಮಾವಿನ ತೋಪು. ಬೇಸಿಗೆಯಲ್ಲಿ ಹೋದರೆ ಆಪೂಸು ಬಿಟ್ಟು ಬರಬೇಡಿ. ಶಾಸನಗಳಲ್ಲಿ ಈ ಊರು ‘ಪಾನುಂಗಲ್’, ಕದಂಬರ ಒಂದು ಶಾಖೆ ಆಳಿದ ಜಾಗ. ತಾರಕೇಶ್ವರ ದೇವಸ್ಥಾನದ ಒಳಗೆ ಹೋದವರು ತಲೆ ಎತ್ತಿ ಮೇಲೆ ನೋಡಲೇಬೇಕು. ಛಾವಣಿಯಲ್ಲಿ ಕಲ್ಲಿನ ಕಮಲ ಪದರ ಪದರವಾಗಿ ಕೆಳಗೆ ಇಳಿದಿದೆ. ಗಂಗೂಬಾಯಿ ಹಾನಗಲ್ ಅವರ ಹೆಸರಿನಲ್ಲಿರೋ ಹಾನಗಲ್ ಇದೇ. ಅವರು ಹುಟ್ಟಿದ್ದು 1913ರಲ್ಲಿ, ಧಾರವಾಡದಲ್ಲಿ. ಆದರೂ ಊರಿನ ಹೆಸರು ದೇಶವೆಲ್ಲಾ ಸುತ್ತಿದ್ದು ಅವರ ದನಿ ಜೊತೆ.

ದೇವಸ್ಥಾನದಿಂದ ಬಜಾರಿಗೆ ಬಂದರೆ ಮಿರ್ಚಿಯ ವಾಸನೆ. ಇಲ್ಲಿ ಒಂದು ವಿಷಯ ಹೇಳಲೇಬೇಕು. ಬ್ಯಾಡಗಿ ಇದೇ ಜಿಲ್ಲೆಯಲ್ಲಿದೆ ಅಂತ ಮಿರ್ಚಿಗೆ ಬ್ಯಾಡಗಿ ಮೆಣಸಿನಕಾಯಿ ಹಾಕ್ತಾರೆ ಅಂದುಕೊಳ್ಳೋರಿದ್ದಾರೆ. ಇಲ್ಲ. ಬ್ಯಾಡಗಿ ಒಣ ಮೆಣಸಿನಕಾಯಿ. ಕಡುಗೆಂಪು ಬಣ್ಣ, ಕಡಿಮೆ ಖಾರ, ಮೈತುಂಬಾ ನೆರಿಗೆ. 2011ರಲ್ಲಿ ಅದಕ್ಕೆ ಜಿಐ ಟ್ಯಾಗ್ ಸಿಕ್ಕಿದೆ. ಅದರ ಬಣ್ಣ ತೆಗೆದು ಲಿಪ್‌ಸ್ಟಿಕ್‌ಗೂ ಬಳಸ್ತಾರೆ. ಮಿರ್ಚಿಗೆ ಹೋಗೋದು ಉದ್ದನೆಯ ಹಸಿ ಮೆಣಸಿನಕಾಯಿ. ಹೊಟ್ಟೆ ಸೀಳಿ, ಅಜವಾನ ಹಾಕಿದ ಕಡಲೆ ಹಿಟ್ಟಿನಲ್ಲಿ ಅದ್ದಿ, ಕಾದ ಎಣ್ಣೆಗೆ ಬಿಡೋದು. ಹೊರಗೆ ಗರಿ, ಒಳಗೆ ಮೆತ್ತಗೆ. ಎರಡನೇ ತುತ್ತಿಗೆ ಮೂಗಲ್ಲಿ ನೀರು.

ಗಿರಮಿಟ್ ಶಿಗ್ಗಾವಿಯಲ್ಲಿ ತಿಂದೆ. ಗೊತ್ತಿಲ್ಲದವರಿಗೆ: ಇದು ಒಣ ಭೇಲ್ ಅಲ್ಲ. ಈರುಳ್ಳಿ, ಹುಣಸೆ, ಬೆಲ್ಲ ಹಾಕಿ ಕುದಿಸಿದ ಗೊಜ್ಜು ಮೊದಲೇ ರೆಡಿ ಇರುತ್ತೆ. ಚುರಮುರಿಗೆ ಆ ಗೊಜ್ಜು ಬೆರೆಸಿ, ಪುಠಾಣಿ ಹಿಟ್ಟು ಉದುರಿಸಿ, ಮೇಲೆ ಹಸಿ ಈರುಳ್ಳಿ, ಕೊತ್ತಂಬರಿ. ಕಲಸಿದ ಮೇಲೆ ಕಾಯೋ ಹಾಗಿಲ್ಲ. ಐದು ನಿಮಿಷ ಫೋನ್ ನೋಡಿದ್ರೆ ಮುದ್ದೆ ಆಗುತ್ತೆ. ಫೋನು ಜೇಬಿಗೆ ಹಾಕಿಸೋ ತಾಕತ್ತು ಇರೋ ತಿಂಡಿ ಇದೊಂದೇ ಇರಬೇಕು!

ಶಿಗ್ಗಾವಿ ತಾಲ್ಲೂಕಿಗೆ ಬಂದವರು ತಿಂಡಿಗಷ್ಟೇ ಬಂದು ಹೋಗಬಾರದು. ಕನಕದಾಸರ ಬಾಡ ಇಲ್ಲಿದೆ. ಸಂತ ಶರೀಫರ ಶಿಶುನಾಳ ಇಲ್ಲಿದೆ. 1819ರಿಂದ 1889ರವರೆಗೆ ಬದುಕಿದ ಶರೀಫರ ಗದ್ದುಗೆಗೆ ಹಿಂದೂಗಳೂ ಮುಸಲ್ಮಾನರೂ ಒಟ್ಟಿಗೇ ಬರ್ತಾರೆ. ಹೆದ್ದಾರಿ ಪಕ್ಕದ ಗೊಟಗೋಡಿಯಲ್ಲಿ ಉತ್ಸವ ರಾಕ್ ಗಾರ್ಡನ್ ಇದೆ, ಜಾನಪದ ವಿಶ್ವವಿದ್ಯಾಲಯವೂ ಅಲ್ಲೇ.

ಕೊನೆಗೆ ಸವಣೂರು. 1948ರವರೆಗೆ ನವಾಬರ ಊರು. ವಿ. ಕೃ. ಗೋಕಾಕರು 1909ರಲ್ಲಿ ಹುಟ್ಟಿದ್ದು ಇಲ್ಲೇ. ‘ದೊಡ್ಡ ಹುಣಸೆ’ ಅಂತ ಕರೆಯೋ ಮರಗಳು ಹುಣಸೆ ಅಲ್ಲವೇ ಅಲ್ಲ, ಆಫ್ರಿಕಾ ಮೂಲದ ಬಾವೋಬಾಬ್. ಕಾಂಡದ ಮುಂದೆ ನಿಂತರೆ ಮನುಷ್ಯ ಇರುವೆ. ಬಜಾರಿನಲ್ಲಿ ಎರಡು ಸಾಮಾನು ತಪ್ಪದೇ ಕೊಳ್ಳಬೇಕು. ಒಂದು ಸವಣೂರು ಖಾರಾ, ಚೀಲಗಟ್ಟಲೆ ಒಯ್ಯೋ ಜನ ಇದ್ದಾರೆ. ಇನ್ನೊಂದು ವೀಳ್ಯದೆಲೆ. ಒದ್ದೆ ಬಟ್ಟೆ ಹೊದೆಸಿದ ಬುಟ್ಟಿಯಿಂದ ಎಲೆ ತೆಗೆದು ಎಣಿಸೋ ವೇಗ ನೋಡಿದ್ರೆ ಬ್ಯಾಂಕಿನ ನೋಟು ಎಣಿಸೋ ಮಷೀನು ನಾಚಬೇಕು.

ಇಷ್ಟು ಬರೆದು ಮುಗಿಸಬಹುದಿತ್ತು. ಆದ್ರೆ ಈ ನಾಲ್ಕರಲ್ಲಿ ಒಂದು ಊರಿನಲ್ಲಿ (ಯಾವುದು ಅಂತ ಹೇಳಬೇಡಿ ಅಂದಿದ್ದಾರೆ) ಒಬ್ಬ ಅಕ್ಕನ ಗಾಡಿ ಮುಂದೆ ಎರಡು ಗಂಟೆ ನಿಂತಿದ್ದೆ. ಅದನ್ನ ಹೇಳದಿದ್ರೆ ಈ ಪ್ರವಾಸ ಪೂರ್ತಿ ಆಗೋದಿಲ್ಲ.

‘ಹದಿನೆಂಟು ವರ್ಷ ಆತ್ರಿ ಇಲ್ಲೇ ನಿಂತು. ಮಗಳ ಫೀ ಎಲ್ಲಾ ಈ ಬಾಣಲಿಯಾಗ ಹುಟ್ಟೇತ್ರಿ’ ಅಂದ್ರು. ಮಗಳು ಎಂಜಿನಿಯರಿಂಗ್ ಕೊನೆಯ ವರ್ಷ. ರಸ್ತೆ ಅಗಲ ಆಗ್ತದ, ಗಾಡಿ ಎತ್ತಬೇಕಾಗ್ತದ ಅಂತ ಯಾರೋ ಬಾಯಿಮಾತಲ್ಲಿ ಹೇಳಿ ಹೋಗಿದ್ದಾರೆ. ಎಲ್ಲಿಗೆ, ಯಾವಾಗ, ಗೊತ್ತಿಲ್ಲ. ಮಾತಾಡ್ತಾನೇ ಎಣ್ಣೆಯೊಳಗಿನ ಮಿರ್ಚಿ ಮಗುಚಿ ಹಾಕ್ತಿದ್ರು. ಕೈ ಒಮ್ಮೆಯೂ ನಿಲ್ಲಲಿಲ್ಲ.

ಫೋನ್ ತೆಗೆದು ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಹುಡುಕಿದೆ. 2014ರ ಕಾನೂನು ಇದು. ಅದರ ಪ್ರಕಾರ ಪ್ರತಿ 5 ವರ್ಷಕ್ಕೊಮ್ಮೆ ವ್ಯಾಪಾರಿಗಳ ಸಮೀಕ್ಷೆ ಆಗಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡೋವರೆಗೆ ಎತ್ತಂಗಡಿ ಮಾಡೋ ಹಾಗಿಲ್ಲ. ಆಮೇಲೂ ಜಾಗ ಬದಲಿಸಬೇಕಂದ್ರೆ 30 ದಿನ ಮುಂಚೆ ನೋಟಿಸ್ ಕೊಡಬೇಕು. ಕೆಟ್ಟುಹೋಗೋ ಸಾಮಾನು ಜಪ್ತಿ ಮಾಡಿದ್ರೆ, ವ್ಯಾಪಾರಿ ಬಂದು ಕೇಳಿದ ದಿನವೇ ವಾಪಸ್ ಕೊಡಬೇಕು. ಪಟ್ಟಣ ಮಾರಾಟ ಸಮಿತಿಯಲ್ಲಿ ಕನಿಷ್ಠ 40 ಪರ್ಸೆಂಟ್ ಸದಸ್ಯರು ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು.

ಒಂದೊಂದೇ ಓದಿ ಹೇಳಿದೆ. ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: ‘ಇದು ಕನ್ನಡದಾಗ ಬರದು ಕೊಡ್ತೀರೇನ್ರಿ?’

ನೋಟ್‌ಬುಕ್ಕಿನ ಒಂದು ಹಾಳೆ ಹರಿದು ಐದು ಸಾಲು ಬರೆದೆ. ದಿನವೆಲ್ಲಾ ಸ್ಕ್ರೀನ್ ಮೇಲೆ ಸಾವಿರಾರು ಸಾಲು ಬರೆಯೋ ಕೆಲಸ ನನ್ನದು, ಈ ಐದು ಸಾಲಿಗೆ ಕೈ ಬೆವರಿತು. ಅಕ್ಕ ಅದನ್ನ ಪ್ಲಾಸ್ಟಿಕ್ ಕವರಿಗೆ ಹಾಕಿ ಕ್ಯೂಆರ್ ಕೋಡ್ ಪಕ್ಕದಲ್ಲೇ ಕಟ್ಟಿದ್ರು. ಪಕ್ಕದ ಕಬ್ಬಿನ ಹಾಲಿನವರು ಬಂದು ಫೋಟೊ ತೆಗೆದುಕೊಂಡ್ರು, ಆಮೇಲೆ ಬಾಳೆಹಣ್ಣಿನವರು. ಸಮಿತಿಯಲ್ಲಿ ಯಾರಿದ್ದಾರೆ ಅಂತ ಮೂವರೂ ಸೇರಿ ಸೋಮವಾರ ಹೋಗಿ ಕೇಳೋದು ಅಂತ ತೀರ್ಮಾನ ಆಯ್ತು. ಜಾಗ ಉಳಿಯುತ್ತೋ ಇಲ್ಲವೋ, ಈ ಬರಹ ಕಳಿಸುವ ಹೊತ್ತಿಗೂ ತೀರ್ಮಾನ ಆಗಿಲ್ಲ.

ಬೀದಿ ತಿಂಡಿ ಬಗ್ಗೆ ನಾವು ರುಚಿ ಬರೀತೀವಿ, ರೇಟಿಂಗ್ ಕೊಡ್ತೀವಿ, ರೀಲ್ ಮಾಡ್ತೀವಿ. ಆ ರುಚಿ ನಿಂತಿರೋದು ನಾಲ್ಕು ಚಕ್ರ ಹಿಡಿಸೋವಷ್ಟು ಜಾಗದ ಮೇಲೆ. ಆ ಜಾಗ ಹೋದರೆ ಗಿರಮಿಟ್ ಬೇರೆ ಕಡೆ ಸಿಗಬಹುದು, ಕೊನೆಯ ಸೆಮಿಸ್ಟರ್‌ನ ಫೀ ಸಿಗೋದಿಲ್ಲ.

ನೀವೂ ಆ ಕಡೆ ಹೋದಾಗ ಹೆದ್ದಾರಿಯಿಂದ ಒಂದು ಸಂಜೆ ಪಕ್ಕಕ್ಕೆ ತಿರುಗಿ. ಗಾಡಿ ಮುಂದೆ ನಿಂತೇ ತಿನ್ನಿ, ಚಿಲ್ಲರೆ ಇಟ್ಟುಕೊಳ್ಳಿ (ನೆಟ್‌ವರ್ಕ್ ಕೈ ಕೊಡಬಹುದು). ಮಿರ್ಚಿ ಎಣ್ಣೆಯಿಂದ ಮೇಲೆ ಬರೋ ಹೊತ್ತಿಗೆ ಎರಡು ಮಾತು ಆಡಿ. ಆ ಐದು ಸಾಲು ಮೇಲೆ ಇವೆ, ಬೇಕಾದವರಿಗೆ ಬರೆದು ಕೊಡಿ.